ಜೀಪಿನ ಕೆಳಗಿನ ಮರಿಗಳು

ಅವತ್ತು ಬೆಳಿಗ್ಗೆ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾವು ನಾಲ್ಕು ಜನ ಇದ್ದೆವು. ಹುಣಸೆ ದಿಮ್ಮಿಗೆ ಬಿಗಿದ, ಕಬ್ಬಿಣ ಕಚ್ಚಿ ಹಿಡಿಯುವ ವೈಸಿನ ಮುಂದೆ ನಾನು. ಬಾಗಿಲ ಹತ್ತಿರ ಮೊರ ಇಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಾ ನನ್ನ ಹೆಂಡತಿ. ಇದ್ದಿಲ ಗೂಡಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಾ ಎದುರು ಮನೆಯ ಕಮ್ಮಾರ. ಗೋಡೆಗೆ ಒರಗಿ ನನ್ನ ಮಾವ, ಎಂದರೆ ಹೆಂಡತಿಯ ಅಪ್ಪ. ಮಾವನ ತೊಡೆಯ ಮೇಲೆ ಕರಿಕಂಬಳಿಯಲ್ಲಿ ಸುತ್ತಿದ ಒಂದು ಗಂಟು ಇತ್ತು. ನಮ್ಮೂರು ನಲ್ಲಂಪಳ್ಳಿಗೆ ಬರುವ ಬಸ್ಸಿನಲ್ಲಿ ಅದನ್ನು ಹಾಗೇ ತೊಡೆಯ ಮೇಲೆ ಇಟ್ಟುಕೊಂಡು ನನ್ನ ಪಕ್ಕ ಕೂತು ಬಂದಿದ್ದರು. ಕಂಡಕ್ಟರು ಕುರಿಮರಿ ಅಂದುಕೊಂಡು ಕೆಳಗಿಳಿಸಿ ಅಂತ ಗದರಿದ್ದ.

"ಇತ್ಲಾಗ್ ಕೊಡಿ ಮಾವ, ನೋಡಾಣ," ಅಂದೆ.

ಅವರು ಕಂಬಳಿ ಬಿಚ್ಚಿದರು. ಒಳಗಿದ್ದದ್ದು ಜೀಪಿನ ಹಿಂದಿನ ಶಾಫ್ಟು. ಒಂದೂವರೆ ಮೊಳ ಉದ್ದದ ಕಬ್ಬಿಣ. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವುದು ಅದೇ. ಅದರ ಎರಡು ತುದಿಯಲ್ಲೂ ನಮ್ಮ ಮಣಿಕಟ್ಟಿನ ಹಾಗೆ ಬಾಗುವ ಒಂದೊಂದು ಕೀಲು ಇರುತ್ತದೆ. ನಡುವೆ ಒಂದು ತೋಳಿನೊಳಗೆ ಇನ್ನೊಂದು ತೋಳು ಹಲ್ಲಿಗೆ ಹಲ್ಲು ಕೂತು ಹಿಂದೆ ಮುಂದೆ ಜಾರುತ್ತದೆ. ರಸ್ತೆ ಏರಿದರೂ ಇಳಿದರೂ ಚಕ್ರ ಕುಣಿದರೂ ಶಾಫ್ಟು ಮುರಿಯದೆ ಇರುವುದು ಈ ಬಾಗುವಿಕೆ, ಈ ಜಾರುವಿಕೆಯಿಂದ. ಆದರೆ ನನ್ನ ಕೈಗೆ ಬಂದ ಶಾಫ್ಟು ಬಾಗುತ್ತಲೂ ಇರಲಿಲ್ಲ, ಜಾರುತ್ತಲೂ ಇರಲಿಲ್ಲ. ತುಕ್ಕು ಹಿಡಿದು ಒಂದೇ ತುಂಡಾಗಿ, ಒಲೆ ಊದುವ ಕೊಳವೆಯಷ್ಟು ಬಿರುಸಾಗಿ ನಿಂತಿತ್ತು.

ಕಮ್ಮಾರ ಬೀಡಿ ಬಾಯಿಂದ ತೆಗೆಯದೆ ಬಗ್ಗಿ ನೋಡಿದ. ತಮಿಳೂ ಕನ್ನಡವೂ ಕಲಸಿದ ಮಾತು ಅವನದು. ಜಗತ್ತಿನ ಅಳಿಯಂದಿರೆಲ್ಲ ತನಗೂ ಅಳಿಯಂದಿರೇ ಅನ್ನುವ ಹಾಗೆ ನನ್ನನ್ನು ಮಾಪ್ಳೆ ಅಂತಲೇ ಕರೆಯುತ್ತಿದ್ದ.

"ಎನ್ನಾ ಮಾಪ್ಳೆ ಇದು, ಬಾವಿಯಿಂದ ಎತ್ತಿದ್ರಾ?"

"ಬಾವಿ ಇಲ್ಲ ಅಣ್ಣ. ಒಂದು ವರ್ಷ ಗಾಡಿ ನಿಂತಿತ್ತು."

"ನಿಂತ್ರೆ ಇಂಗೆ ಆಗಲ್ಲ. ಏನೋ ಕುಡಿದೈತೆ ಇದು."

ಮಾವ ಕಂಬಳಿ ಮಡಿಸಿಟ್ಟರು. ನನ್ನನ್ನೇ ನೋಡಿ ಕೇಳಿದರು, "ಏಳು ದಿನ ಐತೆ ಅಳಿಯಂದ್ರೆ. ಆಗ್ತೈತಾ?"

"ಆಗ್ತೈತೆ ಮಾವ," ಅಂದೆ. ಆ ಮಾತನ್ನು ನಾನು ಎಷ್ಟು ಸಲೀಸಾಗಿ ಆಡಿದೆ ಎನ್ನುವುದು ಈಗಲೂ ನೆನಪಿದೆ.

ಏಳು ದಿನ ಅಂದದ್ದು ಯಾಕೆ ಅಂತ ಹೇಳಬೇಕು. ಎಪ್ಪತ್ತರ ದಶಕ ಅರ್ಧ ಕಳೆದಿದ್ದ ಕಾಲ. ಅದಕ್ಕೂ ಹಿಂದೆ, ಅರವತ್ತರ ಕೊನೆಯಲ್ಲಿ, ನಾನು ಸೇಲಂನ ಲಾರಿ ಶೆಡ್ಡುಗಳಲ್ಲಿ ಕೆಲಸ ಕಲಿತು, ಊರಿಗೆ ಬಂದು ಮನೆಯ ಹಿಂದೆ ಸೋಗೆ ಹೊದಿಸಿ ಒಂದು ಪುಟ್ಟ ವರ್ಕ್‌ಶಾಪು ಇಟ್ಟುಕೊಂಡಿದ್ದೆ. ಮಾವನದು ಕುರಿಮನೆ. ಬೆಟ್ಟದ ಬುಡದ ಹಳ್ಳಿಯಲ್ಲಿ ಹಟ್ಟಿ, ಹುರುಳಿ ಬಿತ್ತುವಷ್ಟು ಹೊಲ, ಮತ್ತೆ ಕುರಿ. ಅತ್ತೆ ತೀರಿಕೊಂಡು ಬಹಳ ವರ್ಷವಾಗಿತ್ತು. ಮಾವನಿಗೆ ಇದ್ದದ್ದು ಒಬ್ಬ ಮಗಳು, ಒಬ್ಬ ಮಗ.

ಆ ಮಗ, ನನ್ನ ಬಾಮೈದ, ತನ್ನ ಪಾಲಿಗೆ ಬಂದ ಮೂವತ್ತು ಕುರಿಯನ್ನು ಕೊಟ್ಟು ಮಿಲಿಟರಿ ಹರಾಜಿನ ಒಂದು ಹಳೆ ಜೀಪು ತಂದ. ತಂದೆ ಮಗನ ಮಾತು ಅಲ್ಲಿಗೆ ಮುರಿಯಿತು. "ಉಸಿರು ಇರೋದನ್ನ ಕೊಟ್ಟು ಉಸಿರು ಇಲ್ಲದ್ದು ತಂದೌನೆ. ಆ ಕಬ್ಬಿಣಕ್ಕೆ ನಾನು ಕಾಲು ಇಡಕಿಲ್ಲ," ಅಂದರು ಮಾವ. ಅಂದ ಮೇಲೆ ಇಡಲೂ ಇಲ್ಲ.

ಬಾಮೈದ ಮಾತ್ರ ಬಿಡುವವನಲ್ಲ. ಸಂತೆಯ ದಿನ ಜೀಪಿನ ತುಂಬ ಜನ, ಮೂಟೆ, ಕೋಳಿಪಂಜರ ಹೇರಿಕೊಂಡು ಹೊರಡುತ್ತಿದ್ದ. ದಾರಿಯಲ್ಲಿ ಅಪ್ಪ ನಡೆದು ಹೋಗುತ್ತಿರುವುದು ಕಂಡರೆ ಪಕ್ಕಕ್ಕೆ ನಿಲ್ಲಿಸಿ ಕರೆಯುತ್ತಿದ್ದ. ಅಪ್ಪ ಹತ್ತುತ್ತಿರಲಿಲ್ಲ. ಆಗ ಇವನು ಮುಂದಕ್ಕೂ ಹೋಗುತ್ತಿರಲಿಲ್ಲ. ಅಪ್ಪನ ಹಿಂದೆ, ಅಪ್ಪನ ನಡಿಗೆಯಷ್ಟೇ ನಿಧಾನವಾಗಿ, ಒಂದನೇ ಗೇರಿನಲ್ಲಿ ಜೀಪು ತೆವಳಿಸುತ್ತಿದ್ದ. ಒಂದು ಸಲ ನಾನೂ ಅದರಲ್ಲಿದ್ದೆ. ಹಿಂದೆ ಕೂತವರು ಸಂತೆ ಮುಗಿದು ಹೋಗುತ್ತದೆ ಅಂತ ಬೈಯುತ್ತಿದ್ದರು.

"ಲೇ, ಮುಂದಕ್ಕೆ ಓಗಲಾ! ಒಗೆ ಕುಡಿಸ್ತಿದ್ದೀಯ ನಂಗೆ," ಅಂತ ಮಾವ ತಿರುಗದೆಯೇ ಕೂಗಿದರು.

"ಕುರಿ ಹಿಂದೆ ನೀನು ಓಗಲ್ವಾ? ಅಂಗೇ ನಿನ್ ಹಿಂದೆ ನಾನು," ಅಂದ ಇವನು.

"ನಾನೇನು ಕುರಿಯಾ?"

"ಮೊಂಡಾಟ ನೋಡಿದ್ರೆ ಟಗರು ಕಣಪ್ಪ!"

ಜೀಪಿನಲ್ಲಿದ್ದವರೆಲ್ಲ ನಕ್ಕರು. ಮಾವನ ಬೆನ್ನು ಕೂಡ ಒಂದು ಗಳಿಗೆ ಅಲುಗಿದ್ದನ್ನು ನಾನು ನೋಡಿದೆ. ನಗುತ್ತಿದ್ದರು. ಮುಖ ತೋರಿಸಲಿಲ್ಲ, ಅಷ್ಟೇ.

ಆಮೇಲೆ ಒಂದು ವರ್ಷ ಬಾಮೈದನಿಗೆ ಕಾಮಾಲೆ ಬಂತು. ಸೊಪ್ಪು ಅರೆದು ಕೊಟ್ಟರು, ಪಥ್ಯ ಮಾಡಿಸಿದರು. ಕಣ್ಣು ಅರಿಶಿನದ ಹಾಗೆ ಆದ ಮೇಲೆ ನಾನೇ ಅವನ ಜೀಪಿನಲ್ಲಿ ಅವನನ್ನು ಮಲಗಿಸಿಕೊಂಡು ಸೇಲಂಗೆ ಹೋದೆ. ತುಂಬ ತಡವಾಗಿತ್ತು. ನಾಲ್ಕನೆಯ ದಿನ ಅದೇ ಜೀಪಿನಲ್ಲಿ ಅವನನ್ನು ವಾಪಸ್ಸು ತಂದೆ. ಹೋಗುವಾಗ ದಾರಿಯುದ್ದಕ್ಕೂ, "ಭಾವ, ಎರಡನೇ ಗೇರು ಜಾರ್ತೈತೆ, ಕೈಯಲ್ಲಿ ಇಡ್ಕೊ," ಅಂತ ಹೇಳುತ್ತಲೇ ಇದ್ದ. ಬರುವಾಗ ಆ ಗೇರನ್ನು ನಾನು ಹಿಡಿದುಕೊಂಡೇ ಬಂದೆ. ಹಟ್ಟಿಯ ಮುಂದಿನ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿದೆ. ಅಲ್ಲಿಂದ ಆಮೇಲೆ ಅದು ಅಲುಗಲಿಲ್ಲ.

ಅಲುಗಿಸಬಾರದು ಅಂದವರು ಮಾವ. ಅವರ ಕುಲದಲ್ಲಿ ಒಂದು ನಡವಳಿಕೆ ಇತ್ತು. ಕುರಿ ಸಾಕಿದವನು ಸತ್ತರೆ ಅವನ ಹಿಂಡನ್ನು ವರ್ಷ ತುಂಬುವ ತನಕ ಯಾರಿಗೂ ಕೊಡುವುದಿಲ್ಲ, ಭಾಗ ಮಾಡುವುದಿಲ್ಲ. ವರ್ಷದ ದಿನ ಆ ಹಿಂಡನ್ನು ಅವನನ್ನು ಮಣ್ಣು ಮಾಡಿದ ಗುಡ್ಡೆಯ ಸುತ್ತ ಮೂರು ಸಲ ನಡೆಸುತ್ತಾರೆ. ಅದು ಕುರಿಗಳು ಒಡೆಯನ ಅಪ್ಪಣೆ ತೆಗೆದುಕೊಳ್ಳುವುದು. ಆಮೇಲೆ ಸತ್ತವನಿಗೆ ಮನೆಯ ಕಡೆಯ ಎಳೆತ ಬಿಡುತ್ತದೆ, ಬದುಕಿದವರಿಗೂ ಬಿಡುತ್ತದೆ ಅನ್ನುತ್ತಾರೆ. ಬಾಮೈದನಿಗೆ ಕುರಿ ಎಲ್ಲಿತ್ತು? ಅವನ ಹಿಂಡು ಆ ಜೀಪೇ.

"ನನ್ನ ಕುರಿ ಸುತ್ತಿಸಿದ್ರೆ ಅವು ನನ್ನವು. ಅವನದು ಅವನ ಸುತ್ತ ಬರಬೇಕು," ಅಂತ ಮಾವ ಹನ್ನೊಂದನೆಯ ದಿನವೇ ನನಗೆ ಹೇಳಿದ್ದರು. "ಆವತ್ತು ನಾನೂ ಅದ್ರಲ್ಲಿ ಕೂತ್ಕೊತೀನಿ. ನೀನು ಓಡಿಸು."

ಬದುಕಿದ್ದಾಗ ಹತ್ತದ ಗಾಡಿ. ಒಂದು ವರ್ಷ ಅವರು ಆ ದಿನಕ್ಕೆ ಕಾದರು.

ವರ್ಷ ತುಂಬಲು ಎಂಟು ದಿನ ಇದೆ ಅನ್ನುವಾಗ ನಾನು ಬ್ಯಾಟರಿ ಹೊತ್ತುಕೊಂಡು ಹಳ್ಳಿಗೆ ಹೋದೆ. ಪೆಟ್ರೋಲು ಹಾಕಿ, ಕಾರ್ಬುರೇಟರು ತೊಳೆದು, ಹ್ಯಾಂಡಲು ತಿರುಗಿಸಿದೆ. ಹತ್ತು ಸಲ ಕೆಮ್ಮಿ ಎಂಜಿನ್ನು ಎದ್ದಿತು. ಮಾವ ಹಟ್ಟಿಯ ಕಲ್ಲಿನ ಮೇಲೆ ಕೂತಿದ್ದವರು ಎದ್ದು ನಿಂತರು. ಗೇರು ಹಾಕಿ ಕ್ಲಚ್ಚು ಬಿಟ್ಟೆ. ಜೀಪು ಒಂದು ಸಲ ಕುಗ್ಗಿ, ಒದ್ದ ಹಾಗೆ ಅದುರಿ, ಸುಮ್ಮನಾಯಿತು. ಮತ್ತೆ ಎಬ್ಬಿಸಿದೆ, ಮತ್ತೆ ಸತ್ತಿತು. ಇಳಿದು ಕೆಳಗೆ ಬಗ್ಗಿ ನೋಡಿದೆ.

ಕೆಳಗೆ ನೆಲ ಕಾಣಲಿಲ್ಲ. ಕುರಿಹಿಕ್ಕೆ ಗಟ್ಟಿಯಾಗಿ, ಅಂಗಳ ಸಾರಿಸಿದ ಹಾಗೆ ಮಟ್ಟಸವಾಗಿ, ಶಾಫ್ಟನ್ನು ಮುಳುಗಿಸಿಕೊಂಡು ನಿಂತಿತ್ತು. ಸುತ್ತ ಬಿದಿರ ತಡಿಕೆ. ವಾಸನೆ ಕಣ್ಣಿಗೆ ಹೊಡೆಯಿತು.

"ಮರಿ ಕಟ್ಟಿದ್ರಾ ಮಾವ?"

"ಊ. ದೀಪಾವಳಿ ಹೊತ್ತಿನ ಐಪ್ಪಸಿ ಮಳೆ ಜೋರಾಗಿತ್ತು. ನರಿ ಕಾಟ ಬೇರೆ. ಸಣ್ಣ ಮರಿಗಳ್ನೆಲ್ಲ ಇದರ ಕೆಳಗೆ ಕೂಡ್ತಿದ್ದೆ. ಬೆಚ್ಚಗಿದ್ವು ಅಳಿಯಂದ್ರೆ. ಒಂದೂ ಸಾಯಲಿಲ್ಲ." ತಡಿಕೆಯನ್ನು ಸವರುತ್ತಾ ಹೇಳಿದರು, "ಅವನ ಗಾಡಿ ಒಂದೇ ನಿಂತಿದ್ರೆ ನೋಡಕ್ಕಾಗ್ತಿರಲಿಲ್ಲ. ಕೆಳಗೆ ಉಸಿರು ಇರಲಿ ಅಂತ."

ಹಿಕ್ಕೆ ಯಾಕೆ ಬಾಚಲಿಲ್ಲ ಅಂತ ನಾನು ಕೇಳಲಿಲ್ಲ. ವರ್ಷ ತುಂಬುವ ತನಕ ಮುಟ್ಟಬಾರದು ಅಂದವರು ಅವರೇ. ಗಾಡಿಯನ್ನೂ ಮುಟ್ಟಿರಲಿಲ್ಲ, ಅದರ ಕೆಳಗಿನದನ್ನೂ ಮುಟ್ಟಿರಲಿಲ್ಲ. ಮಳೆಗಾಲವಿಡೀ ಮರಿಗಳ ಉಚ್ಚೆ ಆ ಕೀಲುಗಳೊಳಗೆ ಇಳಿದಿತ್ತು. ಕಬ್ಬಿಣಕ್ಕೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಅದು ನನಗೆ ಗೊತ್ತು. ಆದರೆ ಆ ಮುಖ ನೋಡಿಕೊಂಡು ಹೇಳುವುದು ಹೇಗೆ? ಗುದ್ದಲಿ ತಂದು ಅಗೆದೆ, ಉಳಿ ಇಟ್ಟು ನಟ್ಟುಗಳನ್ನು ಕಡಿದೆ, ಶಾಫ್ಟು ಬಿಚ್ಚಿದೆ. ಮುಂದಿನ ಚಕ್ರಕ್ಕೆ ಹೋಗುವ ಇನ್ನೊಂದು ಶಾಫ್ಟನ್ನು ಪೆಟ್ರೋಲು ಉಳಿಯಲಿ ಅಂತ ಬಾಮೈದ ಯಾವತ್ತೋ ಕಳಚಿ ಯಾರಿಗೋ ಕೊಟ್ಟುಬಿಟ್ಟಿದ್ದ. ಅದು ಇದ್ದಿದ್ದರೆ ಮುಂದಿನ ಚಕ್ರದ ಮೇಲಾದರೂ ಎಳೆಸಬಹುದಾಗಿತ್ತು. ಈಗ ಇರುವುದು ಇದೊಂದೇ.

ಹಾಗಾಗಿ ಮಾವ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಕುರಿಗಳನ್ನು ದಾಯಾದಿಗಳಿಗೆ ಒಪ್ಪಿಸಿದ್ದರು. ಹುಟ್ಟಿದಾಗಿನಿಂದ ಕುರಿ ಬಿಟ್ಟು ಒಂದು ವಾರ ಬೇರೆ ಕಡೆ ಇದ್ದವರಲ್ಲ.

ಮೊದಲನೆಯ ದಿನ ತಂತಿ ಬ್ರಷ್ಷಿನಲ್ಲಿ ಉಜ್ಜಿದೆ. ಪದರ ಪದರವಾಗಿ ಕೆಂಪು ಹೊಟ್ಟು ಉದುರಿತು. ಉಜ್ಜುತ್ತಾ ಹೋದ ಹಾಗೆ, ಜಾರುವ ತೋಳಿನ ಎರಡೂ ಕಡೆ ಮೂರು ಮೂರು ಚುಕ್ಕೆ ಕಂಡವು. ಉಳಿಯ ಮೊನೆಯಿಂದ ಕುಟ್ಟಿದ ಗುರುತು. ಶಾಫ್ಟು ಬಿಚ್ಚಿದರೆ ಮತ್ತೆ ಅದೇ ನೇರಕ್ಕೆ ಕೂರಿಸಬೇಕು, ಇಲ್ಲದಿದ್ದರೆ ಓಡುವಾಗ ಗಾಡಿ ಇಡೀ ನಡುಗುತ್ತದೆ. ಅದಕ್ಕೆ ಎರಡು ಚುಕ್ಕೆ ಸಾಕು. ಮೂರು ಹೊಡೆದವನು ಬಾಮೈದ. ಯಾವ ಕೆಲಸಕ್ಕೂ ಒಂದು ಹೆಚ್ಚಿಗೆ ಮಾಡುವ ಕೈ ಅವನದು.

ನಾನು ಅದನ್ನು ಮಾವನಿಗೆ ತೋರಿಸಿದೆ. ಅವರು ಹೆಬ್ಬೆರಳಲ್ಲಿ ಆ ಚುಕ್ಕೆಗಳನ್ನು ಸವರಿದರು.

"ಕುರಿ ಕಿವಿಗೆ ನಾವು ಗುರುತು ಆಕ್ತೀವಲ್ಲ, ಅಂಗೆ," ಅಂದರು. ನನ್ನ ಹೆಂಡತಿ ಮೊರ ಅಲ್ಲೇ ಬಿಟ್ಟು ಎದ್ದು ಒಳಗೆ ಹೋದಳು.

ಎರಡು ರಾತ್ರಿ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟೆ. ಮೂರನೆಯ ದಿನ ಹಿಂಬದಿಯ ಕೀಲಿಗೆ ಕೈ ಹಾಕಿದೆ. ಕೀಲು ಅಂದರೆ ಒಂದು ಶಿಲುಬೆಯಾಕಾರದ ಕಬ್ಬಿಣ, ಅದರ ನಾಲ್ಕು ತುದಿಗೂ ನಾಲ್ಕು ಪುಟ್ಟ ಬಟ್ಟಲು, ಬಟ್ಟಲೊಳಗೆ ಸೂಜಿಯಂಥ ಬೇರಿಂಗುಗಳು. ಬಟ್ಟಲುಗಳನ್ನು ಒಂದೊಂದಾಗಿ ವೈಸಿನಲ್ಲಿ ಒತ್ತಿ ಹೊರಗೆ ಕಳಿಸಬೇಕು. ಮೊದಲನೆಯದು ಹೊರಬಂದಾಗ ಒಳಗೆ ಸೂಜಿಗಳಿರಲಿಲ್ಲ. ರಾಗಿ ಹಿಟ್ಟಿನಂಥ ಕೆಂಪು ಪುಡಿ ಇತ್ತು.

ಕಮ್ಮಾರ ಆ ಪುಡಿಯನ್ನು ಬೆರಳಲ್ಲಿ ತೆಗೆದು ಮೂಸಿದ. "ಅಡೇಯಪ್ಪಾ! ಆಟು ಮೂತ್ರಂ. ಕುರಿ ಉಚ್ಚೆ ಮಾಪ್ಳೆ! ಯಾವ ಪುಣ್ಯಾತ್ಮ ಗಾಡಿ ಕೆಳಗೆ ಕುರಿ ಕಟ್ಟಿದ್ದು? ಗಾಡಿಯನ್ನ ಕೈಯಾರೆ ಕೊಂದಂಗೆ ಇದು."

ಅವನಿಗೆ ಗೊತ್ತಿರಲಿಲ್ಲ. ನಾನು ಕಣ್ಸನ್ನೆ ಮಾಡಿದ್ದನ್ನು ಅವನು ನೋಡುವ ಹೊತ್ತಿಗೆ ಮಾತು ಆಗಿಹೋಗಿತ್ತು.

ಮಾವ ಬಗ್ಗಿ ಆ ಪುಡಿಯನ್ನು ನೋಡಿದರು. ಆಮೇಲೆ ನನ್ನನ್ನು ಕೇಳಿದರು, "ನಿಜವಾ ಅಳಿಯಂದ್ರೆ?"

"ಮಳೆನೂ ಐತೆ ಮಾವ. ಒಂದೇ ಕಾರಣ ಅಂತ ಏಳಕ್ಕಾಗಲ್ಲ."

"ಸುಳ್ಳು ಏಳಬೇಡ. ನನ್ನ ಮರಿಗಳಿಂದ್ಲಾ?"

"ಊ, ಮಾವ."

ಅವರು ತಲೆ ಆಡಿಸಿದರು. "ಬದುಕಿದ್ದಾಗ ಅದನ್ನ ಬೈದೆ. ಸತ್ತ ಮೇಲೆ ಒಳ್ಳೇದು ಮಾಡ್ತೀನಿ ಅಂತ ಓಗಿ ಅದರ ಕಾಲು ಮುರಿದೆ," ಅಂದರು. ದನಿ ಏರಿಸಲಿಲ್ಲ, ಕಣ್ಣೀರೂ ಇಲ್ಲ. ಕಮ್ಮಾರ ಎದ್ದು ಅವರ ಪಕ್ಕ ಹೋಗಿ ಕೂತು, ತನ್ನ ಬೀಡಿ ಕಟ್ಟನ್ನು ಮುಂದೆ ಹಿಡಿದ. ಮಾವ ಒಂದು ತೆಗೆದುಕೊಂಡರು. ಇಬ್ಬರೂ ಸೇದಿದರು. ಅವತ್ತಿನಿಂದ ಕಮ್ಮಾರ ತನ್ನ ಕೆಲಸ ಬಿಟ್ಟು ದಿನವೂ ನಮ್ಮ ಶೆಡ್ಡಿನಲ್ಲೇ ಇದ್ದ. ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳುವವನಲ್ಲ. ತಿದಿ ಒತ್ತಿದ, ಅಷ್ಟೇ.

ಹಿಂಬದಿಯ ಕೀಲು ಬಿಚ್ಚಿ ಆಯಿತು. ನನ್ನ ಡಬ್ಬದಲ್ಲಿ ಹೊಂದುವ ಹಳೆ ಬಟ್ಟಲು, ಸೂಜಿಗಳಿದ್ದವು. ಹಾಕಿ ನೋಡಿದರೆ ಹೂವಿನ ಹಾಗೆ ತಿರುಗಿತು. ಆದರೆ ನಡುವಿನ ತೋಳು ಮಾತ್ರ ನಾಲ್ಕನೆಯ ದಿನವೂ ಅಲುಗಲಿಲ್ಲ. ಕಾಯಿಸಿದೆ, ತಣಿಸಿದೆ, ಎಣ್ಣೆ ಬಿಟ್ಟೆ. ಹರಳೆಣ್ಣೆ, ಕಡಲೆಕಾಯಿ ಎಣ್ಣೆ, ಲಾರಿಯ ಹಳೆ ಎಣ್ಣೆ, ಏನು ಬಿಟ್ಟರೂ ಹೊರಗೇ ಹರಿದು ಹೋಗುತ್ತಿತ್ತು.

ಐದನೆಯ ದಿನ ಮಾವ ಸೊಂಟದ ಚೀಲದಿಂದ ಒಂದು ಎಲೆಯ ಪೊಟ್ಟಣ ತೆಗೆದರು. ಒಳಗೆ ಟಗರಿನ ಕೊಬ್ಬು, ಕರಗಿಸಿ ಹೆಪ್ಪುಗಟ್ಟಿಸಿದ್ದು. ಕುರಿಯ ಹಿಂದೆ ಬಿಸಿಲಲ್ಲಿ ನಡೆಯುವವರು ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳುವುದು ಅದನ್ನೇ.

"ಕತ್ತರಿ ಮೊಳೆ ತುಕ್ಕು ಇಡಿದ್ರೆ ನಾವು ಇದನ್ನೇ ಬುಡೋದು," ಅಂದರು. "ಎಣ್ಣೆ ಓಡಿಹೋಗ್ತೈತೆ. ಇದು ಓಗಲ್ಲ, ಒಳಗೆ ಊರ್ತೈತೆ."

ಕಮ್ಮಾರ ನಕ್ಕ. "ಪೆರಿಯವರೇ, ದೊಡ್ಡೋರೇ, ಇದು ಕುರಿ ಕತ್ತರಿ ಅಲ್ಲ."

"ಕಬ್ಬಿಣ ಅಲ್ವಾ?" ಅಂದರು ಮಾವ. "ಉಚ್ಚೆ ಕೆಡಿಸಿದ್ರೆ ಕೊಬ್ಬು ಸರಿಮಾಡ್ಲಿ. ಎರಡೂ ಅವುಗಳ್ದೇ."

ತೋಳನ್ನು ಗೂಡಿನಲ್ಲಿ ಕಾಯಿಸಿದೆವು, ಕೆಂಪಗಾಗದಂತೆ, ನೀರು ಬಿದ್ದರೆ ಚುರ್ ಅನ್ನುವಷ್ಟು. ಹಲ್ಲು ಕೂಡುವ ಸಂದಿಗೆ ಮಾವ ಕೊಬ್ಬಿನ ಉಂಡೆಯನ್ನು ಮುಟ್ಟಿಸಿದರು. ಅದು ಕರಗಿ, ನೀರು ಮರಳಿನೊಳಗೆ ಇಳಿಯುವ ಹಾಗೆ, ಒಳಕ್ಕೆ ಎಳೆದುಕೊಂಡು ಹೋಯಿತು. ಮತ್ತೆ ಕಾಯಿಸಿದೆವು, ಮತ್ತೆ ಮುಟ್ಟಿಸಿದರು. ಶೆಡ್ಡೆಲ್ಲ ಹಬ್ಬದ ಮನೆಯ ವಾಸನೆ. ಮಧ್ಯಾಹ್ನದ ಹೊತ್ತಿಗೆ ನಾನು ಮರದ ಸುತ್ತಿಗೆಯಿಂದ ಒಂದು ಏಟು ಕೊಟ್ಟೆ. ಒಳಗಿಂದ ಒಂದು ಕೀರಲು ಸದ್ದು ಬಂತು. ಇನ್ನೊಂದು ಏಟು. ಕೂದಲೆಳೆಯಷ್ಟು ಜರುಗಿತು. ಆಮೇಲೆ ಬೆರಳಷ್ಟು.

"ಬಂತು! ಬಂತು ಕಣಮ್ಮಾ!" ಅಂತ ಮಾವ ಮಗಳನ್ನು ಕೂಗಿದರು. ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಮಾವ ಆ ತೋಳನ್ನು ತಾವೇ ಹಿಡಿದು ಹೊರಕ್ಕೆ ಎಳೆದರು, ಒಳಕ್ಕೆ ನೂಕಿದರು, ಮತ್ತೆ ಎಳೆದರು. ಒಂದು ವರ್ಷದಲ್ಲಿ ಅವರು ಬಾಯಿ ತುಂಬ ನಕ್ಕದ್ದನ್ನು ನಾನು ಕಂಡಿದ್ದು ಅವತ್ತೇ.

"ಒಂದು ಮಾತು ಏಳ್ಲಾ?" ಅಂದರು. "ಅವನು ನನ್ನ ಕರೀತಿದ್ನಲ್ಲ, ಗಾಡಿ ನಿಲ್ಸಿ. ಮೂರನೇ ಸಂತೆಗೇ ಗಾಡಿ ಅತ್ತಬೇಕು ಅನ್ನಿಸಿತ್ತು. ಆದ್ರೆ ಅತ್ತಿಬಿಟ್ರೆ ಅವನು ನನ್ನ ಹಿಂದೆ ಬರಾದು ನಿಂತೋಗ್ತಿತ್ತಲ್ಲ."

ಕಮ್ಮಾರ ಗೂಡಿನ ಕೆಂಡ ಕೆದಕಿದ.

ಉಳಿದಿದ್ದು ಮುಂಬದಿಯ ಕೀಲಿನ ನಾಲ್ಕು ಬಟ್ಟಲು. ಏಳನೆಯ ದಿನ ಮಧ್ಯಾಹ್ನದೊಳಗೆ ಮೂರು ಹೊರಬಂದವು. ನಾಲ್ಕನೆಯದು ಬರಲಿಲ್ಲ. ನಾಳೆ ವರ್ಷದ ದಿನ. ನಾಲ್ಕು ಗಂಟೆಯ ಬಸ್ಸಿಗೆ ಶಾಫ್ಟು ಹಿಡಿದುಕೊಂಡು ಹಳ್ಳಿಗೆ ಹೋದರೆ ಬೆಳಕಿರುವಾಗಲೇ ಗಾಡಿಗೆ ಬಿಗಿಯಬಹುದು ಅನ್ನುವುದು ನನ್ನ ಲೆಕ್ಕ. ಹೆಂಡತಿ ಅಡಿಗೆಗೆ ಬೇಕಾದ್ದನ್ನು ಚೀಲಕ್ಕೆ ತುಂಬಿ ಹೊರಟು ನಿಂತಿದ್ದಳು. ಮಾವ ತಲೆಗೆ ನೀರು ಹಾಕಿಕೊಂಡು, ಒಗೆದ ಪಂಚೆ ಉಟ್ಟು, ಬಾಗಿಲಲ್ಲಿ ಕೂತಿದ್ದರು.

"ಅವಸರಪ್ಪಡಾದೆ ಮಾಪ್ಳೆ," ಅಂದ ಕಮ್ಮಾರ. "ಇನ್ನೊಂದು ಸಲ ಕಾಯಿಸಾಣ. ಕೊಬ್ಬು ಬುಟ್ಟು ಬಿಡಾಣ. ಬೆಳಿಗ್ಗೆ ಮೊದಲ ಬಸ್ಸಿಗೆ ಓಗಬೌದು."

ಅವನ ಮಾತು ಸರಿ. ಬೆಳಿಗ್ಗೆ ಹೋಗಿದ್ದರೂ ಸಾಕಾಗುತ್ತಿತ್ತು. ಆದರೆ ಮಾವ ಆ ಒಗೆದ ಪಂಚೆಯಲ್ಲಿ ಕೂತಿದ್ದಾರೆ. ಅವರನ್ನು ಇನ್ನು ಒಂದು ಗಂಟೆಯೂ ಕಾಯಿಸಬಾರದು ಅನ್ನಿಸಿತು ನನಗೆ. ತೋಳು ಬಂದ ಖುಷಿಯಲ್ಲಿ ಕೈಗೆ ಕೊಬ್ಬೂ ಏರಿತ್ತು, ಅದನ್ನು ಬಚ್ಚಿಡುವುದಿಲ್ಲ. ಆ ಬಟ್ಟಲನ್ನು ಹಿಡಿದಿರುವ ಕವಲಿಗೆ ಎರಡು ಕಿವಿ. ಒಂದು ಕಿವಿಯ ಮೇಲೆ ಹೊಡೆಯುವಾಗ ಅದರ ಕೆಳಗೆ ಗಟ್ಟಿಯಾಗಿ ಆಸರೆ ಕೊಡಬೇಕು. ಸೇಲಂನಲ್ಲಿ ನನಗೆ ಮೊದಲ ವಾರವೇ ಕಲಿಸಿದ ಪಾಠ. ನಾನು ಆಸರೆ ಕೊಡಲಿಲ್ಲ. ದೊಡ್ಡ ಸುತ್ತಿಗೆ ಎತ್ತಿ ತಣ್ಣನೆಯ ಕಬ್ಬಿಣದ ಮೇಲೆ ಹೊಡೆದೆ. ಒಂದು. ಎರಡು. ಮೂರನೆಯದಕ್ಕೆ ಸದ್ದು ಬೇರೆಯಾಯಿತು.

ಸುತ್ತಿಗೆ ಕೆಳಗಿಟ್ಟೆ. ಕವಲಿನ ಕಿವಿಯ ಬುಡದಲ್ಲಿ ಕೂದಲಿನಂಥ ಒಂದು ಗೆರೆ. ಉಗುರು ಇಟ್ಟು ನೋಡಿದೆ. ಉಗುರು ಸಿಕ್ಕಿಕೊಂಡಿತು.

ಕಮ್ಮಾರ ನೋಡಿದ. ತಿದಿಯ ಹಿಡಿಯನ್ನು ಕೆಳಗೆ ಬಿಟ್ಟ.

"ಏನಾಯ್ತು?" ಅಂದರು ಮಾವ ಬಾಗಿಲಿಂದಲೇ.

"ಬಿರುಕು ಬಿಡ್ತು ಮಾವ. ನನ್ನ ಕೈಲಿ ಬಿಡ್ತು."

ಅಲ್ಲಿಂದ ನಾನು ಓಡಿದೆ. ಧರ್ಮಪುರಿಯಲ್ಲಿ ಗ್ಯಾಸ್ ವೆಲ್ಡಿಂಗಿನವನ ಹತ್ತಿರ ಹೋದೆ. ಅವನು ತಿರುವಿ ನೋಡಿ ವಾಪಸ್ಸು ಕೊಟ್ಟ. "ಇದನ್ನ ಅಂಟಿಸಬೌದು, ಕಾಸು ಇಸ್ಕೋಬೌದು. ಓಡೋವಾಗ ಬಿಟ್ಕೊಂಡ್ರೆ ಈ ಶಾಫ್ಟು ಗಾಡಿ ತಳದ ತಗಡು ಸೀಳ್ಕೊಂಡು ಮೇಲೆ ಬರ್ತದೆ. ಅದರ ಮೇಲೆ ಯಾರು ಕೂತಿರ್ತಾರೆ?" ಅಂತ ಕೇಳಿದ. ಕೂರುವವರು ಯಾರು ಅಂತ ನನಗೆ ಗೊತ್ತಿತ್ತು. ಅಲ್ಲಿನ ಹಳೆ ಕಬ್ಬಿಣದ ಅಂಗಡಿಗಳನ್ನು ಸುತ್ತಿದೆ. ಆ ಅಳತೆಯ ಕವಲು ಸಿಗಲಿಲ್ಲ. ಸೇಲಂಗೆ ಹೋಗಿ ಹುಡುಕಿ ಬರುವಷ್ಟು ಹೊತ್ತು ಉಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ನಾವು ಬರಿ ಶಾಫ್ಟು ಹಿಡಿದುಕೊಂಡೇ ಹಳ್ಳಿಗೆ ಹೋದೆವು. ಕಮ್ಮಾರನೂ ಬಂದ. ದಾಯಾದಿಗಳೆಲ್ಲ ಹಟ್ಟಿಯ ಮುಂದೆ ಸೇರಿದ್ದರು. ವಿಷಯ ತಿಳಿದು, ಎತ್ತು ಕಟ್ಟಿ ಜೀಪು ಎಳೆಯೋಣ ಅಂತ ಒಬ್ಬರು ಅಂದರು. ನಾವು ಹತ್ತು ಜನ ನೂಕುತ್ತೇವೆ ಅಂತ ಇನ್ನೊಬ್ಬರು.

"ಬ್ಯಾಡ," ಅಂದರು ಮಾವ. "ಅಗ್ಗ ಆಕಿ ಎಳೆಯೋದು ಸತ್ತಿದ್ದನ್ನ. ಅವನ ಹಿಂಡು ಸತ್ತಿಲ್ಲ, ಕುಂಟು ಬಿದ್ದೈತೆ. ಕುಂಟು ಮರಿನ ನಾವೇನು ಮಾಡ್ತೀವಿ? ಎಳೀತೀವಾ?"

ಅನ್ನುತ್ತಲೇ ನನ್ನ ಕೈಯಿಂದ ಶಾಫ್ಟು ತೆಗೆದುಕೊಂಡರು. ಕತ್ತಿನ ಹಿಂದೆ ಅಡ್ಡಲಾಗಿ ಇಟ್ಟು, ಎರಡು ಕಡೆಯೂ ಕೈಯಲ್ಲಿ ಹಿಡಿದರು. ನಡೆಯಲಾರದ ಮರಿಯನ್ನು ಕುರಿಯವರು ಮುಂಗಾಲು ಹಿಂಗಾಲು ಹಿಡಿದು ಹೆಗಲ ಮೇಲೆ ಹೊರುವ ಹಾಗೆ. ಹೊಲದಂಚಿನ ಮರಳು ಹಳ್ಳ ಇಳಿದು, ಆಚೆಯ ದಿಣ್ಣೆ ಹತ್ತಿದರು. ನಾವು ಹಿಂದೆ ನಡೆದೆವು.

ಗುಡ್ಡೆಯ ಮೇಲೆ ಕಲ್ಲು ಜೋಡಿಸಿದ್ದರು, ನಡುನಡುವೆ ತುಂಬೆ ಗಿಡ ಎದ್ದಿದ್ದವು. ಮಾವ ಮೊದಲ ಸುತ್ತು ಸುಮ್ಮನೆ ಬಂದರು. ಎರಡನೆಯ ಸುತ್ತಿಗೆ ಉಸಿರು ಹತ್ತಿತು. ನಾನು ಕೈ ಚಾಚಿದೆ, ಕೊಡಲಿಲ್ಲ. ಕವಲಿನ ತುದಿ ಅವರ ಬೆರಳಿನ ಹತ್ತಿರ ಅಲುಗಾಡುತ್ತಾ ಟಿಕ್ ಟಿಕ್ ಅನ್ನುತ್ತಿತ್ತು. ಮೂರನೆಯ ಸುತ್ತು ಮುಗಿಸಿ ಕಲ್ಲಿನ ಮುಂದೆ ನಿಂತರು.

"ಲೇ," ಅಂದರು. "ನಿಂದು ಬಂದೈತೆ. ಕೂತ್ಕೊಂಡು ಬರಬೇಕು ಅಂತಿದ್ದೆ. ಒತ್ಕೊಂಡು ಬಂದಿವ್ನಿ. ನಿಮ್ಮ ಭಾವನ ಮೇಲೆ ಸಿಟ್ಟು ಮಾಡ್ಕೋಬೇಡ. ತಪ್ಪು ನಂದು, ಮರಿಗಳ್ದಲ್ಲ."

ನನ್ನ ಹೆಂಡತಿ ನೆಲಕ್ಕೆ ಕುಸಿದು ಕೂತಳು. ನಾನು ನನ್ನ ಕೈಗಳನ್ನು ಎಲ್ಲಿ ಇಟ್ಟುಕೊಳ್ಳುವುದು ಅಂತ ತಿಳಿಯದೆ ನಿಂತಿದ್ದೆ. ಮಾವ ಶಾಫ್ಟನ್ನು ಹೆಗಲಿಂದ ಇಳಿಸಿ ನನ್ನ ಕೈಗೆ ಕೊಟ್ಟು, "ಸರಿಮಾಡು. ಯಾವಾಗಾದ್ರೂ ಸರಿ," ಅಂದರು.

ಎರಡು ತಿಂಗಳ ಮೇಲೆ ಸೇಲಂನ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ಆ ಅಳತೆಯ ಕವಲು ಸಿಕ್ಕಿತು. ಮೂರು ಚುಕ್ಕೆಗೆ ಮೂರು ಚುಕ್ಕೆ ನೇರ ಹಿಡಿದು ಕೂರಿಸಿ, ಹಳ್ಳಿಗೆ ಹೋಗಿ ಬಿಗಿದೆ. ಜೀಪು ಹೊಂಗೆ ಮರದ ಕೆಳಗಿಂದ ತಾನಾಗಿಯೇ ಹೊರಬಂತು. ಹಟ್ಟಿಯ ಮುಂದೆ ಒಂದು ಸುತ್ತು ಹೊಡೆದು ಮಾವನ ಪಕ್ಕ ತಂದು ನಿಲ್ಲಿಸಿದೆ.

"ಕೂತ್ಕೊಳ್ಳಿ ಮಾವ."

ಅವರು ಬಗ್ಗಿ ಕೆಳಗೆ ನೋಡಿದರು. "ತಿರುಗ್ತೈತಾ?"

"ತಿರುಗ್ತೈತೆ."

"ಸರಿ, ಬುಡು. ಅಪ್ಪಣೆ ಆಗೋಯ್ತಲ್ಲ. ಯಾರಿಗಾದ್ರೂ ಕೊಟ್ಬುಡು, ಓಡಾಡ್ಲಿ."

ಮುಂದಿನ ತಿಂಗಳು ಕಾರಿಮಂಗಲದಿಂದ ಒಬ್ಬ ತೆಂಗಿನಕಾಯಿ ವ್ಯಾಪಾರಿ ಬಂದು ಜೀಪು ಓಡಿಸಿಕೊಂಡು ಹೋದ. ಬೀಗದ ಕೈ ಕೊಟ್ಟವನು ನಾನು. ಅವತ್ತು ಮಾವ ಹೊತ್ತು ಹುಟ್ಟುವ ಮೊದಲೇ ಕುರಿ ಹೊಡೆದುಕೊಂಡು ಬೆಟ್ಟದ ಕಡೆ ಹೋಗಿದ್ದರು.